ಅವ್ವನ ಕಣ್ಣಿನಿಂದ ಬಂದ ಮಾದರಿ

ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ ನನ್ನ ಕೆಲಸ ಬೇರೆ ಬೇರೆ ಶಿಲೀಂಧ್ರಗಳ ಒಂದೇ ಜೀನನ್ನು ಹೋಲಿಸುವುದಾಗಿತ್ತು. ಜೀವಕೋಶ ಕುಸಿಯದಂತೆ ಅದರೊಳಗೊಂದು ಹಂದರವಿರುತ್ತದೆ. ಆ ಹಂದರಕ್ಕೆ ಗಳುವಾಗುವ ಟ್ಯುಬುಲಿನ್ ಎಂಬ ಪ್ರೋಟೀನಿನ ಜೀನ್ ಅದು. ನಂಜನಗೂಡಿನ ತೋಟಗಳಲ್ಲಿ ಸೊರಗಿದ ಬಾಳೆಯಿಂದ ತಂದದ್ದು, ಭತ್ತದ ಕಾಳಿನಿಂದ ತಂದದ್ದು, ಎಲ್ಲದರ ಜೀನಿನ ಅಕ್ಷರಗಳನ್ನೂ ಒಂದರ ಕೆಳಗೊಂದು ಸಾಲಾಗಿಟ್ಟು, ಬೇರೆಯಾದ ಕಡೆ ಗುರುತು ಹಾಕುತ್ತಿದ್ದೆ.

"ನಿನ್ ಬೂಷ್ಟಿನ ಬೇಸಾಯ ಎಲ್ಲೀಗ್ ಬಂತವ್ವ? ಕುಯ್ಲಾಯ್ತಾ?" ಎಂದು ಅವ್ವ ನಮ್ಮೂರು ಹೆಮ್ಮಿಗೆಯಿಂದ ಫೋನು ಮಾಡಿದಾಗಲೆಲ್ಲ ರೇಗಿಸುತ್ತಿದ್ದಳು.

ಆ ಸಲ ರೇಗಿಸಲಿಲ್ಲ. "ಭತ್ತ ತೂರ್ವಾಗ ಕಣ್ಗೆ ಒಟ್ಟು ಬಿತ್ತು ಕಣವ್ವ. ಕೆಂಪ್ಗೆ ಆಗ್ಬುಟ್ಟದೆ. ಪಕ್ಕದ್ಮನೆ ಅಕ್ಕಂಗೆ ಪೊರೆ ತೆಗ್ದಾಗ ಕೊಟ್ಟಿದ್ ಡ್ರಾಪ್ಸ್ ಮಿಕ್ಕದಂತೆ. ಬಿಟ್ಕಳ್ಳಾ?"

"ಎಕ್ಸ್‌ಪೈರಿ ಡೇಟ್ ಓದಿಸಿ ಹೇಳು" ಎಂದೆ. ಓದಿಸಿದಳು. ಇನ್ನೂ ಅವಧಿ ಇತ್ತು.

"ಬಿಟ್ಕೊ" ಎಂದೆ. ಔಷಧದ ಹೆಸರು ಕೇಳಲಿಲ್ಲ.

ಎರಡು ದಿನದಲ್ಲಿ ಉರಿ ಇಳಿಯಿತು. ವಾರದ ಹೊತ್ತಿಗೆ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಕಣ್ಣಾಸ್ಪತ್ರೆಯಲ್ಲಿ ಅದನ್ನು ಕೆರೆದು ಪರೀಕ್ಷಿಸಿದ ವೈದ್ಯರು, ಶಿಲೀಂಧ್ರ ಎಂದರು. ಅವ್ವ ತಂದಿದ್ದ ಸೀಸೆಯಲ್ಲಿದ್ದದ್ದು ಸ್ಟೀರಾಯ್ಡ್, ಉರಿಯನ್ನು ಅಡಗಿಸಿ ಶಿಲೀಂಧ್ರಕ್ಕೆ ದಾರಿ ಬಿಡುವಂಥದು.

"ಇದನ್ನ ಹಾಕು ಅಂದೋರು ಯಾರಮ್ಮ?"

ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾರೂ ಏಳ್ನಿಲ್ಲ ಸಾ. ನಾನೇ ಆಕ್ಕಂಡೆ" ಎಂದಳು ಅವ್ವ.

ವೈದ್ಯರು ಅವಳನ್ನು ಗದರಿದರು. ಅವಳು ಹೇಳಿದ್ದನ್ನೇ ಬರೆದು ಕೊಟ್ಟ ಚೀಟಿಯನ್ನು ನಾನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಆ ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಬೆಳೆಸಿದ್ದ ಶಿಲೀಂಧ್ರವನ್ನು ಅವ್ವನ ಒಪ್ಪಿಗೆ ಪಡೆದು ಕೇಳಿ ತಂದೆ. ಅದರ ಜೀನನ್ನು ಕೊನೆಯ ಸಾಲಿನಲ್ಲಿಟ್ಟೆ. ಬಾಳೆಯದಕ್ಕಿಂತ ಭತ್ತದ ಕಾಳಿನದಕ್ಕೆ ಅದು ಹತ್ತಿರವಿತ್ತು. ನಾನು ದಿನವೂ ನೋಡುತ್ತಿದ್ದ ಕುಲವೇ.

ಊರಿಗೆ ಹೋದಾಗ ಅವ್ವ ಮೊರವನ್ನು ಒಂದು ಕಣ್ಣಿನ ಹತ್ತಿರಕ್ಕೆ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. "ಅದ್ಯಾವ ಬೂಷ್ಟು ಅಂತ ಗೊತ್ತಾಯ್ತಾ ಮಗ?"

"ಭತ್ತದಲ್ಲಿರೋದೇ ಕಣವ್ವ."

"ಅಂಗಾರೆ ನಮ್ ಗದ್ದೇದೇ ಬುಡು."

"ಡಾಕ್ಟರ ಮುಂದೆ ಯಾಕೆ ಹಂಗಂದೆ?"

"ಅಷ್ಟು ಓದಿರೋಳ್ನ ಅವ್ರ ಕೈಲಿ ಬಯ್ಯಿಸ್ಲಾ?" ಎಂದು ಮೊರವನ್ನು ಬೆಳಕಿನತ್ತ ತಿರುಗಿಸಿಕೊಂಡಳು.

ನನ್ನ ಸಂಶೋಧನಾ ಪ್ರಬಂಧದ ಕೊನೆಯಲ್ಲಿ ಮಾದರಿಗಳ ಪಟ್ಟಿಯಿದೆ. ಪ್ರತಿ ಮಾದರಿಯ ಹಿನ್ನೆಲೆಯನ್ನೂ ಅದರಲ್ಲಿ ಬರೆಯಬೇಕು. ಆಸ್ಪತ್ರೆಯ ಚೀಟಿಯಲ್ಲಿದ್ದುದನ್ನೇ ಬರೆದೆ: ಸ್ಟೀರಾಯ್ಡ್ ಹನಿಗಳು, ರೋಗಿ ತಾನಾಗಿಯೇ ಹಾಕಿಕೊಂಡದ್ದು. ಕರಡನ್ನು ಮೂರು ಬಾರಿ ತಿದ್ದಿದೆ. ಆ ಸಾಲನ್ನು ಮುಟ್ಟಲಿಲ್ಲ.