ಐದು ಪುಟದ ಅಕ್ಕ

ಬೀದಿಗೆ ಬಾಗಿಲು ತೆರೆಯುವ ಒಂದೇ ಕೋಣೆ. ಅದರೊಳಗೆ ಒಂದು ಕಂಪ್ಯೂಟರು, ಕೆಮ್ಮಿ ಕೆಮ್ಮಿ ಕಾಗದ ಉಗುಳುವ ಒಂದು ಪ್ರಿಂಟರು, ಮೊಳದುದ್ದದ ಒಂದು ಸ್ಟೇಪ್ಲರು. ಬಂಡವಾಳ ಇಷ್ಟೇ. ಆದರೆ ಯಜಮಾನನ ಜಂಬ ಕೇಳಬೇಕು, ತಾನಿಲ್ಲದಿದ್ದರೆ ಈ ಊರಿಗೆ ಚರಿತ್ರೆಯೇ ಇರುತ್ತಿರಲಿಲ್ಲವಂತೆ! ಯಾರಾದರೂ ನಿವೃತ್ತರಾಗಲಿ, ಯಾರದಾದರೂ ಅಂಗಡಿಗೆ ಇಪ್ಪತ್ತೈದು ತುಂಬಲಿ, ಅವರ ಬದುಕನ್ನು ಅಂಗೈಯಗಲದ ಪುಸ್ತಿಕೆ ಮಾಡಿ ಮಡಿಸಿ ಕೊಡುವವನು ಇವನೇ. ಹಾಗಾಗಿ ಎಲ್ಲರ ಬಾಯಲ್ಲೂ ಪುಸ್ತಿಕೆ ಮಾಮ. ಹಲ್ಲಿನ ಡಾಕ್ಟರ ಬಾಳನ್ನು ಎಂಟು ಪುಟದಲ್ಲಿ ಮುಗಿಸಿದ್ದ, ಬೀಗ ರಿಪೇರಿಯವನದ್ದನ್ನು ಹನ್ನೆರಡಕ್ಕೆ ಎಳೆದಿದ್ದ. ಡಾಕ್ಟರು ಇವತ್ತಿಗೂ ಇವನ ಹತ್ತಿರ ಮಾತು ಬಿಟ್ಟಿದ್ದಾರೆ.

ಈ ಕಸುಬಿಗೆ ಇರುವುದು ಒಂದೇ ಕಟ್ಟುಪಾಡು. ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ಹಾಗಾಗಿ ಬದುಕು ಯಾರದೇ ಆಗಲಿ, ನಾಲ್ಕರ ಲೆಕ್ಕದಲ್ಲಿ ಮುಗಿಯಬೇಕು. ನಡುವೆ ಎಲ್ಲಿ ನಿಂತರೂ ಹಿಂದೆ ಬೋಳು ಪುಟ ಉಳಿಯುತ್ತದೆ. ಬೋಳು ಪುಟ ಕಂಡರೆ ಮಾಮನಿಗೆ ಮೈಯೆಲ್ಲ ಉರಿ. "ಹೇಳೋಕೇನೂ ಇಲ್ಲದ ಮನುಷ್ಯ ಅಂದ್ಕೊಳ್ತಾರೆ ನೋಡಿ" ಎಂದು ಗಿರಾಕಿಗಳನ್ನು ಹೆದರಿಸಿ ಇನ್ನಷ್ಟು ಬರೆಸುತ್ತಾನೆ.

ಇಂಥವನ ಅಕ್ಕ ನಿವೃತ್ತಳಾಗುವ ದಿನ ಬಂತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹುಡುಗಿಯಾಗಿದ್ದಾಗ ಸೇರಿ, ಕೊನೆಗೆ ಅಲ್ಲಿನ ಮೇಲ್ವಿಚಾರಕಿಯಾದವಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಇವನನ್ನು ಸಾಕಿದವಳೂ ಅವಳೇ. ಶುಕ್ರವಾರ ಆಸ್ಪತ್ರೆಯ ಊಟದ ಹಾಲ್‌ನಲ್ಲಿ ಬೀಳ್ಕೊಡುಗೆ. ಅಲ್ಲಿ ಪ್ರತಿ ಕುರ್ಚಿಯ ಮೇಲೂ ಅಕ್ಕನ ಪುಸ್ತಿಕೆ ಇರಬೇಕು, ಅದೂ ಇದುವರೆಗೆ ಮಾಡಿದ್ದರಲ್ಲೆಲ್ಲ ಚೆನ್ನಾಗಿರಬೇಕು, ಇಲ್ಲದಿದ್ದರೆ ತಾನು ತಮ್ಮನೇ ಅಲ್ಲ ಎಂದು ಮಾಮ ಹಟ ತೊಟ್ಟ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಹಾಗೆ ಮೊದಲು ಹೊದಿಕೆ ತಯಾರಾಯಿತು. ತಿಳಿಹಸಿರು ದಪ್ಪ ಕಾಗದ, ನಡುವೆ ಬಾಗಿದ ಅಕ್ಷರದಲ್ಲಿ 'ತ್ಯಾಗಮಯಿ'. ಆಮೇಲೆ ಒಳಗಿನದು ಬರೆಯಲು ಕೂತ. ಅಕ್ಕ ತನಗೋಸ್ಕರ ಮದುವೆಯಾಗಲಿಲ್ಲ. ತನಗೆ ಟೈಫಾಯಿಡ್ ಬಂದಾಗ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ತನ್ನನ್ನು ಓದಿಸಿದಳು. ಬರೆಯುತ್ತ ಬರೆಯುತ್ತ ತಾನೇ ಮೂಗು ಒರೆಸಿಕೊಂಡ. ಐದನೇ ಪುಟದ ಕೊನೆಗೆ ಬರುವಷ್ಟರಲ್ಲಿ ಇವನ ಮದುವೆಯಾಗಿ, ಅಂಗಡಿ ಇಟ್ಟೂ ಆಗಿತ್ತು. ಆರನೇ ಪುಟಕ್ಕೆ ಏನೂ ಇರಲಿಲ್ಲ.

ಎಂಟು ಬೇಕು, ಇರುವುದು ಐದು. ಅಕ್ಷರ ಹಿಗ್ಗಿಸಿದ, ಸಾಲಿಗೂ ಸಾಲಿಗೂ ನಡುವೆ ಎಮ್ಮೆ ಹಾಯುವಷ್ಟು ಜಾಗ ಬಿಟ್ಟ, ಪುಟದ ಮೂಲೆಗೊಂದು ಚಿಟ್ಟೆಯ ಚಿತ್ರ ಕೂರಿಸಿದ. ಟೀ ತಂದಿಟ್ಟ ಹೆಂಡತಿ ಪರದೆ ಕಡೆ ಬಗ್ಗಿ ನೋಡಿದಳು.

"ಇದೇನ್ರೀ, ಕಣ್ಣಿನ ಡಾಕ್ಟ್ರ ಗೋಡೆ ಮೇಲಿನ ಬೋರ್ಡ್ ಇದ್ದ ಹಾಗಿದೆ!"

"ವಯಸ್ಸಾದೋರು ಓದ್ಬೇಕಲ್ಲ."

"ಈ ಚಿಟ್ಟೆ ಯಾಕೆ?"

"ಅಂದಕ್ಕೆ."

"ಅತ್ತಿಗೆಗೂ ಚಿಟ್ಟೆಗೂ ಎಲ್ಲಿಂದೆಲ್ಲಿಗೆ ಸಂಬಂಧ! ಚಿಟ್ಟೆ ಬಂದು ಕೂತ್ರೆ ಅದನ್ನೂ ಇಸ್ತ್ರಿ ಮಾಡಿ ಇಡ್ತಾರೆ ಅವರು."

ಚಿಟ್ಟೆ ಹಾರಿಹೋಯಿತು, ಅಕ್ಷರವೂ ಮೊದಲಿನ ಅಳತೆಗೆ ಇಳಿಯಿತು. ಮಾಮ ಚಿಕ್ಕಮ್ಮನಿಗೆ ಫೋನ್ ಮಾಡಿದ. ಆಕೆ "ನಿಮ್ಮಕ್ಕನಾ, ಬಂಗಾರದಂಥವಳು" ಎಂದು ಶುರು ಮಾಡಿ, ಅಲ್ಲಿಂದ ನೇರ ತನ್ನ ಮಂಡಿನೋವಿಗೆ ಬಂದವಳು ಮತ್ತೆ ಅಲುಗಾಡಲಿಲ್ಲ. ಅಕ್ಕನ ಕೈಕೆಳಗೆ ಇಸ್ತ್ರಿ ಮಾಡುವವಳನ್ನು ಆಸ್ಪತ್ರೆ ಗೇಟಿನಲ್ಲಿ ಹಿಡಿದು ಕೇಳಿದ. "ಶುಕ್ರವಾರ ಆಗ್ಲಿ ಸಾರ್, ಎಲ್ಲಾ ಹೇಳ್ತೀನಿ. ಅಲ್ಲೀತನಕ ಅವರೇ ಮೇಡಂ" ಎಂದು ಅವಳು ಜಾರಿಕೊಂಡಳು.

"ಅತ್ತಿಗೇನೇ ಕೇಳಬಾರದಾ?" ಅಂದಳು ಹೆಂಡತಿ.

ಊರಿನ ಅರ್ಧ ಜನರನ್ನು ಎದುರಿಗೆ ಕೂರಿಸಿಕೊಂಡು ಬದುಕು ಕೇಳಿದವನಿಗೆ ಅದೊಂದು ಹೊಳೆದೇ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು, ಇನ್ನೇನು!

ಬುಧವಾರ ಇದ್ದ ಐದು ಪುಟವನ್ನೇ ಅಚ್ಚು ಹಾಕಿ, ಮಡಿಸಿಕೊಂಡು ಅಕ್ಕನ ಮನೆಗೆ ಹೋದ. ಅವಸರದಲ್ಲಿ ಹಾಳೆಗಳ ಹಿಂಬದಿ ತಲೆಕೆಳಗಾಗಿ ಅಚ್ಚಾಗಿತ್ತು. ಅಕ್ಕ ಪುಸ್ತಿಕೆಯನ್ನು ಅತ್ತ ಇತ್ತ ತಿರುವುತ್ತ ಐದೂ ಪುಟ ಓದಿದಳು. ಓದಿ, ಮಡಿಕೆ ಸೊಟ್ಟಗಿದೆಯೆಂದು ಉಗುರಿನಿಂದ ಒಮ್ಮೆ ಎಳೆದು ನೆಟ್ಟಗೆ ಮಾಡಿದಳು.

"ನಿನಗೋಸ್ಕರ ನಾನು ಮದುವೆ ಆಗ್ಲಿಲ್ಲ ಅಂತ ಯಾರೋ ಹೇಳಿದ್ದು?"

"ಹೇಳೋದೇನಕ್ಕ, ಗೊತ್ತಿರೋದೇ ಅಲ್ವಾ."

"ಮಣ್ಣು ಗೊತ್ತು! ಇಬ್ಬರು ಬಂದು ಕೇಳಿದ್ರು. ಒಬ್ಬ ಪ್ರತಿ ಮಾತಿಗೂ ಅವರಮ್ಮನ ಮುಖ ನೋಡ್ತಿದ್ದ. ಇನ್ನೊಬ್ಬ ಒಳ್ಳೆಯವನೇ, ಆದ್ರೆ ಕೆಲಸ ಬಿಡು ಅಂದ. ಕೆಲಸ ಯಾಕೆ, ನಿನ್ನನ್ನೇ ಬಿಡ್ತೀನಿ ಅಂದೆ. ಇದರಲ್ಲಿ ನೀನೆಲ್ಲಿ ಬಂದೆ?"

ಆ ತ್ಯಾಗದ ಮೂಟೆಯನ್ನು ಪಾಪ ಮಾಮ, ಇಷ್ಟು ವರ್ಷ ಬೆನ್ನ ಮೇಲೆ ಹೊತ್ತು ತಿರುಗಿದ್ದ. ಈಗ ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ! ನಿರಾಳವೂ ಆಯಿತು, ನಾಚಿಕೆಯೂ ಆಯಿತು.

"ಹಾಗಾದ್ರೆ ನಿನಗೆ ಏನು ಇಷ್ಟ ಇತ್ತಕ್ಕ?"

ಅಕ್ಕ ಇವನಿಗೆ ಜ್ವರ ಗಿರ ಬಂದಿದೆಯೇ ಎಂಬಂತೆ ನೋಡಿದಳು. ಆಮೇಲೆ ಕುರ್ಚಿ ಎಳೆದು ಕೂತಳು. ಕೂತವಳು ಕತ್ತಲಾಗುವವರೆಗೆ ಏಳಲಿಲ್ಲ.

ಒಮ್ಮೆ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರು ಹುಷಾರು ತಪ್ಪಿದಾಗ, ಆಪರೇಷನ್ನಿನ ಬಟ್ಟೆಗಳನ್ನು ಆಸ್ಪತ್ರೆಯ ಊರಾಚೆಯ ಕಟ್ಟಡಕ್ಕೆ ತಾನೇ ಓಡಿಸಿಕೊಂಡು ಹೋಗಿದ್ದಳಂತೆ. ಅದಕ್ಕೆ ಮುಂಚೆ ಸೈಕಲ್ಲನ್ನೂ ಓಡಿಸಿದವಳಲ್ಲ. ಬಟ್ಟೆ ಸರಿಯಾದ ಹೊತ್ತಿಗೆ ತಲುಪಿತು. ಗೇಟಿನ ಕಂಬವೂ ಜೊತೆಗೇ ತಲುಪಿತು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಹೆಂಗಸರ ಕೈ ಸುಲಿದು ರಕ್ತ ಬಂದಾಗ, ಕೈಗವಸು ಕೊಡುವವರೆಗೆ ದೊಡ್ಡ ಸಾಹೇಬರ ಮನೆಯ ಬಟ್ಟೆ ಮುಟ್ಟುವುದಿಲ್ಲ ಎಂದಿದ್ದಳಂತೆ. ರೋಗಿಗಳ ಒಂದು ಬಟ್ಟೆಯೂ ನಿಲ್ಲಲಿಲ್ಲ, ಸಾಹೇಬರ ಅಂಗಿಗಳು ಮಾತ್ರ ಗಬ್ಬು ನಾರುತ್ತ ಕೂತವು. ಕೈಗವಸು ಬಂತು. ಭಾನುವಾರ ಡ್ಯೂಟಿ ಇದೆ ಎಂದು ತಮ್ಮನಿಗೆ ಹೇಳಿ ಹೋಗುತ್ತಿದ್ದದ್ದು ಈಜುಕೊಳಕ್ಕಂತೆ. ನಲವತ್ತು ದಾಟಿದ ಮೇಲೆ ಈಜು ಕಲಿತಳು. ಮೊದಲ ದಿನ ಅರ್ಧ ಕೊಳ ಕುಡಿದೇಬಿಟ್ಟಳು.

ನಗುತ್ತ ನಗುತ್ತ ಮಾಮನಿಗೆ ಸಿಟ್ಟು ಬಂತು. "ಇದನ್ನೆಲ್ಲ ಒಂದಿನಾನಾದ್ರೂ ನನಗ್ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳಿದ್ದು ಯಾವತ್ತೋ? ಬಂದಾಗೆಲ್ಲ ನಿನ್ನ ಪ್ರಿಂಟರ್ ಕೆಟ್ಟ ಕಥೇನೇ ಮುಗಿಯಲ್ಲ."

ಈ ಮಾತು ಚುಚ್ಚಿತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮನೆಗೆ ನಡೆದು ಬರುತ್ತ ಮಾಮ ನೆನೆಸಿಕೊಂಡ: ಹಲ್ಲಿನ ಡಾಕ್ಟರಿಗೆ ಚಿಕ್ಕಂದಿನಲ್ಲಿ ಕತ್ತಲೆಂದರೆ ಭಯವಿತ್ತು, ಅದು ಗೊತ್ತು. ಅಕ್ಕನಿಗೆ ಯಾವುದರ ಭಯ ಎಂದು ಗೊತ್ತಿಲ್ಲ. ಅವನಿಗೆ ನಿಜಕ್ಕೂ ದುಃಖವಾಯಿತು.

ಮರುದಿನ ಅಂಗಡಿಯಲ್ಲಿ ಬೆಳಗ್ಗಿನಿಂದ ಟೈಪಿಸಿದ. ಅಕ್ಷರವನ್ನು ಒಂದಿಷ್ಟೂ ಹಿಗ್ಗಿಸದಿದ್ದರೂ ಬದುಕು ಉಕ್ಕಿ ಉಕ್ಕಿ ಬಂತು. ಸಂಜೆ ಅಕ್ಕ ಬರುವ ಹೊತ್ತಿಗೆ ಅವನ ಹಳೆಯ ಐದೂ ಸೇರಿ ಹದಿನೇಳು ಪುಟ.

"ಹದಿನಾರಕ್ಕೆ ಕೂರಿಸ್ಬೇಕು ಅಕ್ಕ. ಒಂದು ಪುಟ ತೆಗೀಬೇಕು. ಈಜೋದು ಬಿಡೋಣ್ವಾ?"

ಅಕ್ಕ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತು ಪರದೆ ನೋಡಿದಳು. "ಈಜು ಇರ್ಲಿ. ಮೊದಲ್ನೇದರಿಂದ ಐದರ ತನಕ ತೆಗಿ."

"ಅವು... ಅವು ನೀನು ನನ್ನನ್ನ ಸಾಕಿದ್ದು!"

"ಅದು ನಿನ್ನ ಕಥೆ ಕಣೋ. ನಿನ್ನ ಬೀಳ್ಕೊಡುಗೆಗೆ ಹಾಕ್ಕೋ."

ಮಾಮ ವಾದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು: ಹದಿನೇಳರಲ್ಲಿ ಐದು ಹೋದರೆ ಹನ್ನೆರಡು. ಮೂರು ಹಾಳೆ, ಒಂದು ಪುಟವೂ ಬೋಳಿಲ್ಲ. ಹಾಳಾದ ಲೆಕ್ಕವೂ ಅಕ್ಕನ ಕಡೆಗೇ ಸೇರಿಕೊಂಡಿತ್ತು. ಐದೂ ಪುಟ ಅಳಿಸಿದ. ಹೊದಿಕೆಯ 'ತ್ಯಾಗಮಯಿ'ಯೂ ಹೋದಳು. ಅಲ್ಲಿ ಅಕ್ಕನ ಹೆಸರು, ಕೆಳಗೆ ಅವಳ ಹುದ್ದೆ ಬಂತು. ಅಕ್ಕನ ಮುಖದಲ್ಲಿ ಒಂದು ಗತ್ತು ಮೂಡಿತು.

"ಒಂದ್ ಸಾಲಾದ್ರೂ ನಾನಿರಬಾರದಾ ಅಕ್ಕ?" ಐವತ್ತು ದಾಟಿದವನ ದನಿ ಐದು ವರ್ಷದವನದಾಗಿತ್ತು.

ಹನ್ನೆರಡನೇ ಪುಟದ ತಳದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಅಕ್ಕ ಅದನ್ನು ಬೆರಳಲ್ಲಿ ತೋರಿಸಿದಳು.

"ಟೈಪ್ ಹೊಡಿ. ನನಗೊಬ್ಬ ತಮ್ಮ ಇದ್ದಾನೆ."

ಹೊಡೆದ. "ಮುಂದೆ?"

"ಐದು ಪುಟ ತಾನೇ ಮಾತಾಡಿದ. ಆಮೇಲೆ ಸುಮ್ಮನೆ ಕೂತು ನನ್ನ ಮಾತು ಕೇಳಿದ. ಇದುವರೆಗೆ ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ."

ಮಾಮನಿಗೆ ಪರದೆಯ ಅಕ್ಷರ ಕಾಣದಾಯಿತು.

"ಅಳೋದು ಆಮೇಲೆ" ಅಂದಳು ಅಕ್ಕ. "ನಾಳೆ ಶುಕ್ರವಾರ. ಪ್ರಿಂಟ್ ಹಾಕು, ನಾನು ಮಡಿಸ್ತೀನಿ."