ರಬ್ಬಿಯನ್ನು ಕಂಡು ಎದ್ದು ನಿಲ್ಲುತ್ತಿದ್ದರು

ನನ್ನ ಮೊಮ್ಮಗಳಿಗೆ ಇಲ್ಲೇ ಹತ್ತಿರದ ಅರೋರಾ ಊರಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆ! ಬೆಳಿಗ್ಗೆ ಫೋನ್ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹೋಳಿಗೆಗೆ ಹೂರಣ ರುಬ್ಬುವಾಗ ನೆನಪಾದದ್ದು ಪಕ್ಕದ ಮನೆಯ ಯಹೂದಿ ರಬ್ಬಿ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ, ಬಿಳಿ ಗಡ್ಡದಲ್ಲಿ ಸದಾ ಬ್ರೆಡ್ಡಿನ ಚೂರು.

ನಾವು ಊರು ಬಿಟ್ಟು ಈ ಪರದೇಶದ ಮಾರ್ಕಮ್‌ಗೆ ಬಂದಾಗ ಮೊಮ್ಮಗಳು ಚಿಕ್ಕವಳು. ಮನೆಯಲ್ಲಿ ಅರಳು ಹುರಿದಂತೆ ಮಾತು, ಶಾಲೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಹೀಗೇ ಆದರೆ ಇವಳ ಓದು ಹೇಗೆ ಎಂದು ಮಗ, ಸೊಸೆ ಕೊರಗುತ್ತಿದ್ದರು. ಪಕ್ಕದ ಮನೆಯ ಪೋರ್ಚಿನಲ್ಲಿ ಕಾಯುತ್ತ ಕೂತ ಜನ, ರಬ್ಬಿ ಹೊರಬಂದೊಡನೆ ಎದ್ದು ನಿಲ್ಲುವುದನ್ನು ನಾನು ನೋಡಿದ್ದೆ. ದೊಡ್ಡ ಪೂಜಾರಿಯೇ ಇರಬೇಕು, ತಾಯತ ಕಟ್ಟಿಸೋಣವೆಂದು ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಕರಿದಾರ ಇಟ್ಟುಕೊಂಡು ಹುಡುಗಿಯನ್ನು ಎಳೆದುಕೊಂಡು ಹೋದೆ.

ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ. ನಡುವೆ ಅವಳೇ ಬಾಯಿ ಬಿಡಬೇಕಾಯಿತು.

“ಅಜ್ಜಿ, ಅವರು ಪ್ರೀಸ್ಟ್ ಅಲ್ಲಂತ. ರಬ್ಬಿ ಅಂದ್ರ ಟೀಚರ್ ಅಂತ.”

“ಮತ್ತ ಪೂಜಿ ಯಾರು ಮಾಡ್ತಾರ, ಕೇಳು.”

ಪ್ರಾರ್ಥನೆಯನ್ನು ಬಲ್ಲವರು ಯಾರಾದರೂ ನಡೆಸಬಹುದಂತೆ, ರಬ್ಬಿಯೇ ಬೇಕೆಂದಿಲ್ಲ. ತಾವು ವರ್ಷಗಟ್ಟಲೆ ಧರ್ಮದ ಪುಸ್ತಕ ಓದಿ, ಗುರುಗಳ ಒಪ್ಪಿಗೆ ಪಡೆದು, ಜನರ ಸಂಶಯಕ್ಕೆ ಉತ್ತರ ಹೇಳುವವರು ಎಂದರು. ಈಗ ಕೆಲವು ಕಡೆ ಹೆಂಗಸರೂ ರಬ್ಬಿಯಾಗುತ್ತಾರಂತೆ. ಜನ ಎದ್ದು ನಿಲ್ಲುವುದು ತಮಗಲ್ಲ, ಓದಿಗೆ ಎಂದರು.

ತಾಯತ ಕಟ್ಟಲಿಲ್ಲ. ಬಾಳೆಹಣ್ಣು ಸುಲಿದು ತಿನ್ನುತ್ತ, ಹುಡುಗಿ ದಿನಾ ಒಂದು ಪ್ರಶ್ನೆ ತರಲಿ ಎಂದರು.

ತಂದಳು. ಬೇಲಿಯ ಆಚೆ ಅವರು, ಈಚೆ ನಾವು. ಮೊದಮೊದಲು ಪ್ರಶ್ನೆ ನನ್ನದು, ಬಾಯಿ ಅವಳದು. ಆಮೇಲೆ ನನಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ. ಪ್ರಶ್ನೆ ಹಿಡಿಸಿದರೆ ಅವರ ಹಣೆಯ ಕನ್ನಡಕ ಕಣ್ಣಿಗೆ ಇಳಿಯುತ್ತಿತ್ತು. ಒಮ್ಮೆ ಮಾತ್ರ, ಇದು ನನಗೂ ಗೊತ್ತಿಲ್ಲ, ನಾಳೆ ಓದಿಕೊಂಡು ಬರುತ್ತೇನೆ ಎಂದುಬಿಟ್ಟರು. ಅಷ್ಟು ಓದಿದವರು! ಆ ಸಂಜೆ ಹುಡುಗಿಯ ನಡಿಗೆಯೇ ಬೇರೆ. ಕ್ಲಾಸಿನಲ್ಲಿ ಕೈ ಎತ್ತಿ ಪ್ರಶ್ನೆ ಕೇಳಿದಳೆಂದು ಶಾಲೆಯಿಂದ ಸುದ್ದಿ ಬಂದದ್ದು ಅದೇ ವಾರ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಇವತ್ತು ಕಾಲು ತಾನಾಗಿ ಬೇಲಿಯ ತನಕ ಹೋಯಿತು.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಮೊಮ್ಮಗಳು ಕೈ ತೊಳೆದು ಒಳಗೆ ಬಂದಳು. ನಾನು ಮಂಡಿ ಹಿಡಿದುಕೊಂಡು ಎದ್ದು ನಿಂತೆ.

“ಅಜ್ಜಿ, ವಾಟ್ ಹ್ಯಾಪನ್ಡ್? ಕೂಡು.”

“ಟೀಚರ್ ಬಂದಾರ,” ಎಂದೆ.

ಅವಳು ಅಲ್ಲೇ ನಿಂತುಬಿಟ್ಟಳು. ಮಗ, ಸೊಸೆ ಕೂಡ ಎದ್ದರು. ಅವಳೇ ಬಂದು ನನ್ನ ಭುಜ ಹಿಡಿದು ಕೂರಿಸಿ, ಮೊದಲ ಹೋಳಿಗೆ ನನ್ನ ತಟ್ಟೆಗೆ ಹಾಕಿದಳು. ಆಮೇಲೆ ಎಲ್ಲರೂ ಕೂತು, ತುಪ್ಪ ಸುರಿದುಕೊಂಡು, ಹೊಟ್ಟೆ ತುಂಬ ಉಂಡೆವು.