ಇಲ್ಲದ ಪಾದದ ತುರಿಕೆ

ಇಳಕಲ್ಲಿನ ಕಲ್ಲು ಗಣಿಯಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವನ ಬಲಗಾಲು ಬಂಡೆಯಡಿ ಸಿಕ್ಕಿದ್ದರಿಂದ ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆಯಬೇಕಾಯಿತು. ಹುನಗುಂದದಲ್ಲಿ ವಿಜ್ಞಾನ ಕಲಿಸುವ ನಾನು ಭಾನುವಾರಕ್ಕೊಮ್ಮೆ ಅವರನ್ನು ನೋಡಲು ಹೋಗುತ್ತಿದ್ದೆ.

"ಈ ಜಗತ್ತು ಖರೇದ್ದಲ್ಲ, ಯಾವುದೋ ಕಂಪ್ಯೂಟರ್ ನಡಸೋ ಆಟ ಇರಬಹುದು ಅಂತಾರ ಮಾಮಾ," ಎಂದು ಒಂದು ದಿನ ಓದಿದ್ದನ್ನು ಹೇಳಿದೆ.

ಮಾಮಾ ನಕ್ಕರು. ನಗುತ್ತಲೇ ಮುಖ ಕಿವಿಚಿದರು. "ಬಲಗಾಲಿನ ಪಾದ ತುರಸಾಕ ಹತ್ತೈತಿ ನೋಡು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಪಾದ ಇರಬೇಕಿದ್ದ ಜಾಗದಲ್ಲಿ ಬರೀ ಹಾಸಿಗೆಯನ್ನು ಕೆರೆಯತೊಡಗಿದರು.

"ಇಲ್ಲೇನ್ರಿ?"

"ಇನ್ನಷ್ಟು ಕೆಳಗ. ಹಾಂ, ಅಲ್ಲೇ."

ಅತ್ತೆಯ ಕೈಯನ್ನೇ ನೋಡುತ್ತಿದ್ದ ಮಾಮಾನ ಹುಬ್ಬು ಸಡಿಲಾಯಿತು. ನಾನು ಅಡುಗೆಮನೆಯವರೆಗೂ ಅತ್ತೆಯ ಹಿಂದೆ ಹೋಗಿ, "ಅಲ್ಲಿ ಕಾಲ ಇಲ್ಲಲ್ಲ ಅತ್ತಿ?" ಎಂದು ಕೇಳಿದೆ.

"ಕಾಲಿಲ್ಲಪಾ. ತ್ರಾಸ ಐತೆಲ್ಲ," ಎಂದವರು ಕೈ ತೊಳೆದು ಮತ್ತೆ ರೊಟ್ಟಿಗೆ ಕೂತರು.

ಇದನ್ನು ಅವರಿಗೆ ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲ. ಜಗತ್ತು ನಿಜವೋ ಅಲ್ಲವೋ ಎಂಬ ಪುಸ್ತಕಗಳನ್ನು ನಾನು ಈಗಲೂ ಓದುತ್ತೇನೆ. ಅವನ್ನು ಬರೆದವರು ಒಮ್ಮೆ ನಮ್ಮ ಅತ್ತೆಯನ್ನು ಕಾಣಬೇಕಿತ್ತು ಅನಿಸುತ್ತದೆ.